ನೀಲಿ ಗೆರೆಯ ಪೈಪು

ಇಳಕಲ್ಲಿನ ಆ ಓಣಿಯವರು ನೀರು ಕದ್ದರು ಎಂದು ಇಂದಿಗೂ ಜನ ಹೇಳುತ್ತಾರೆ. ಬಸ್ಸಿನಲ್ಲಿ ಹೇಳುತ್ತಾರೆ, ಮದುವೆಯ ಊಟದ ಸಾಲಿನಲ್ಲಿ ಹೇಳುತ್ತಾರೆ, ನನ್ನ ಜೊತೆ ಓದಿದ ಇಂಜಿನಿಯರ್‌ಗಳೂ ಹೇಳುತ್ತಾರೆ. ಅವರೊಡನೆ ನಾನು ಈಗ ವಾದಕ್ಕೆ ಇಳಿಯುವುದಿಲ್ಲ. ಇಳಿದರೆ ಮಾತು ಪೂರ್ತಿ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಲ್ಲಿ ಯಾರೂ ಏನನ್ನೂ ಕದಿಯಲಿಲ್ಲ. ಮನೆ ಮುಂದೆ ಹಾದುಹೋದ ನೀರಿನ ಪೈಪನ್ನು ಅವರು ಕುಡಿಯುವ ನೀರಿನ ಪೈಪೆಂದು ನಂಬಿದರು. ಹಾಗೆ ನಂಬದೆ ಬೇರೆ ದಾರಿಯೇ ಇಲ್ಲದಂತೆ ಎಲ್ಲವನ್ನೂ ಜೋಡಿಸಿಟ್ಟಿದ್ದು ನಾನು ಕೆಲಸ ಮಾಡುತ್ತಿದ್ದ ಗುತ್ತಿಗೆ ಕಂಪನಿ.

ಯೋಜನೆ ಒಳ್ಳೆಯದೇ ಇತ್ತು. ಊರಿನ ಒಳಚರಂಡಿ ನೀರನ್ನು ಹಳ್ಳಕ್ಕೆ ಬಿಡುವ ಬದಲು ಶುದ್ಧ ಮಾಡಿ ಊರಾಚೆಯ ಗ್ರಾನೈಟ್ ಪಾಲಿಶ್ ಕಾರ್ಖಾನೆಗಳಿಗೆ ಕೊಡುವುದು. ಕಲ್ಲು ಕೊಯ್ಯುವ ದೊಡ್ಡ ಚಕ್ರದ ಮೇಲೆ ನೀರು ಸದಾ ಬೀಳುತ್ತಿರಬೇಕು, ಇಲ್ಲದಿದ್ದರೆ ಅದು ಕಾದು ಹಾಳಾಗುತ್ತದೆ. ಆ ನೀರನ್ನು ಕಾರ್ಖಾನೆಯವರು ಬೋರ್‌ವೆಲ್ಲಿನಿಂದ ಎತ್ತುತ್ತಿದ್ದರು. ನಮ್ಮ ನೀರು ಬಂದರೆ ನೆಲದೊಳಗಿನ ನೀರು ಊರಿಗೆ ಉಳಿಯುತ್ತದೆ. ಇದನ್ನು ನಾನು ಅಂದೂ ನಂಬಿದ್ದೆ, ಈಗಲೂ ನಂಬುತ್ತೇನೆ. ಗುಣಮಟ್ಟ ನೋಡಿಕೊಳ್ಳುವ ಇಂಜಿನಿಯರ್ ಆಗಿ ನನ್ನ ಕೆಲಸ ಎರಡು: ಶುದ್ಧೀಕರಣ ಘಟಕದಿಂದ ಹೊರಡುವ ನೀರಿನ ಪರೀಕ್ಷೆ, ಮತ್ತು ಅಲ್ಲಿಂದ ಕಾರ್ಖಾನೆಗಳವರೆಗಿನ ಪೈಪ್‌ಲೈನಿನ ಪರೀಕ್ಷೆ.

ಮೊದಲು ಎದುರಾದದ್ದು ಬಂಡೆ. ನಕ್ಷೆಯ ಪ್ರಕಾರ ಲೈನು ಊರ ಹೊರಗಿನಿಂದ ಸುತ್ತಿ ಹೋಗಬೇಕಿತ್ತು. ಅಲ್ಲಿ ಮೊಳದಾಳ ಅಗೆಯುವುದರೊಳಗೆ ಹಾಸುಗಲ್ಲು. ಇಳಕಲ್ಲಿನ ನೆಲದಲ್ಲಿ ಕಲ್ಲು ಸಿಕ್ಕಿತೆಂದು ಬೆರಗಾದವರು ಜಗತ್ತಿನಲ್ಲಿ ನಮ್ಮ ಕಂಪನಿಯವರೊಬ್ಬರೇ ಇರಬೇಕು. ಬಂಡೆ ಒಡೆಯುವ ಬ್ರೇಕರ್ ಹಚ್ಚಿದರು, ಅದರ ಉಳಿ ಮುರಿಯಿತು. ಇನ್ನೊಂದು ತಂದರು, ಅದೂ ಸವೆಯಿತು. ಕೊನೆಗೆ ಪ್ರಾಜೆಕ್ಟ್ ಮ್ಯಾನೇಜರ್ ದಾರಿಯನ್ನೇ ಬದಲಿಸಿ, ನೇಕಾರರ ಓಣಿಯೊಂದರ ಬಾಯಿಗೆ ತಾಗಿ ಹೋಗುವ ಮಣ್ಣಿನ ರಸ್ತೆಗೆ ಲೈನನ್ನು ತಂದರು. ಹೊಸ ದಾರಿ ಉದ್ದವಾಯಿತು. ತರಿಸಿದ್ದ ಪೈಪು ಸಾಲದೆ ಹೋಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಈ ಪೈಪುಗಳೆಲ್ಲ ಕರಿ ಪ್ಲಾಸ್ಟಿಕ್ಕಿನವು, ಮೈಮೇಲೆ ಉದ್ದಕ್ಕೂ ಬಣ್ಣದ ಗೆರೆ ಇರುತ್ತದೆ. ನೀಲಿ ಗೆರೆ ಎಂದರೆ ಕುಡಿಯುವ ನೀರು. ನೇರಳೆ ಗೆರೆ ಎಂದರೆ ಮರುಬಳಕೆಯ ನೀರು, ಬಾಯಿಗೆ ಮುಟ್ಟಿಸಬಾರದು. ನೇರಳೆಯ ಅರ್ಥ ಈ ಭಾಗದಲ್ಲಿ ಯಾರಿಗೂ ಗೊತ್ತಿಲ್ಲ, ಮೊದಲು ನೋಡಿದ್ದರಲ್ಲವೇ ಗೊತ್ತಾಗುವುದು. ಆದರೆ ನೀಲಿ ಗೆರೆ ಎಲ್ಲರಿಗೂ ಗೊತ್ತು. ಎಲ್ಲ ಊರಲ್ಲೂ ನಳದ ನೀರು ಬಂದದ್ದು ಆ ಪೈಪಿನಲ್ಲೇ.

ನೇರಳೆ ಗೆರೆಯ ಪೈಪು ಮತ್ತೆ ಬರಲು ವಾರಗಟ್ಟಲೆ ಬೇಕಿತ್ತು. ಉದ್ಘಾಟನೆಯ ದಿನ ಮಾತ್ರ ಗೊತ್ತಾಗಿಬಿಟ್ಟಿತ್ತು. ಕಂಪನಿಯ ಇನ್ನೊಂದು ಕೆಲಸದಲ್ಲಿ ಉಳಿದ ನೀಲಿ ಗೆರೆಯ ಪೈಪು ಕುಳಗೇರಿ ಕ್ರಾಸಿನ ಗೋದಾಮಿನಲ್ಲಿ ಬಿದ್ದಿತ್ತು. ಅದು ಲಾರಿ ಹತ್ತಿ ಬಂತು.

‘ಸರ್, ಇದನ್ನು ಹೂಳಕ್ಕ ಬರೂದಿಲ್ರಿ,’ ಎಂದೆ.

ಮ್ಯಾನೇಜರ್ ಮೈಸೂರು ಕಡೆಯವರು. ಎಂದೂ ಧ್ವನಿ ಏರಿಸಿದವರಲ್ಲ, ಅದೇ ಅವರ ದೊಡ್ಡ ಅಸ್ತ್ರ. ‘ಮೇಡಂ, ಪೈಪ್ ಒಳಗೆ ಹೋಗೋ ನೀರಿಗೆ ಹೊರಗಿನ ಬಣ್ಣ ಕಾಣುತ್ತಾ? ಮೇಲೆ ನೇರಳೆ ಟೇಪ್ ಸುತ್ತಿಸ್ತೀನಿ. ಬೋರ್ಡ್ ಹಾಕಿಸ್ತೀನಿ. ಆಯ್ತಲ್ಲ?’

ಟೇಪು ಬರಲೇ ಇಲ್ಲ. ಬೋರ್ಡುಗಳು ಬಂದವು. ‘ಮರುಬಳಕೆಯ ನೀರು, ಕುಡಿಯಲು ಯೋಗ್ಯವಲ್ಲ’ ಎಂದು ಬರೆಸಿದ ತಗಡಿನ ಬೋರ್ಡುಗಳು. ಅವು ಸ್ಟೋರಿನ ಮೂಲೆಯಲ್ಲಿ ಮುಖ ಗೋಡೆಗೆ ಮಾಡಿ ನಿಂತವು. ಉದ್ಘಾಟನೆಯವರೆಗೆ ನೆಡಬಾರದೆಂದು ಆಜ್ಞೆ. ಮ್ಯಾನೇಜರ್ ನಮ್ಮನ್ನೆಲ್ಲ ಕರೆದು ಹೇಳಿದ್ದರು: ‘ಚರಂಡಿ, ಗಟಾರ, ಈ ಪದಗಳು ಸೈಟಲ್ಲಿ ಯಾರ ಬಾಯಲ್ಲೂ ಬರಬಾರದು. ನಮ್ಮ ಮನೆ ಮುಂದೆ ಗಟಾರದ ಪೈಪ್ ಯಾಕೆ ಅಂತ ಒಬ್ಬ ಕೇಳಿದ ಅಂದ್ರೆ ನಾಳೆ ರಸ್ತೆ ತಡೆ. ಯಾರೇ ಕೇಳಿದ್ರೂ ಕಾರ್ಖಾನೆಗೆ ಹೋಗೋ ಲೈನ್ ಅನ್ನಿ. ಸುಳ್ಳೇನಲ್ಲವಲ್ಲ.’

ಓಣಿಯ ಬಾಯಲ್ಲಿ ಮತ್ತೆ ಕಲ್ಲು ಸಿಕ್ಕಿದ್ದರಿಂದ ಪೈಪಿಗಾಗಿ ತೋಡಿದ ತಗ್ಗು ಬಹಳ ದಿನ ತೆರೆದೇ ಇತ್ತು. ಅಲ್ಲಿಯ ಮೂಲೆಮನೆಯ ಯಜಮಾನಿ ನೇಯ್ಗೆಯವರು. ಒಳಗೆ ಮಗ ಕುಣಿಮಗ್ಗದಲ್ಲಿ ಕೂತಿರುತ್ತಿದ್ದ, ಲಾಳಿ ಓಡುವ ಸದ್ದು ರಸ್ತೆಗೆ ಕೇಳುತ್ತಿತ್ತು. ಆಕೆ ನಮ್ಮ ಕೂಲಿಯವರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದರು. ನನ್ನನ್ನು ಮೊದಲ ದಿನದಿಂದಲೇ ‘ಯವ್ವಾ’ ಎಂದರು. ಬಸುರಿ ಸೊಸೆ ಬಾಗಿಲಿಗೆ ಒರಗಿ ನಿಂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಯಂತ್ರ ಕಲ್ಲು ಕುಟ್ಟುವುದನ್ನು ನೋಡುತ್ತಿದ್ದಳು. ಅಮೀನಗಡದ ಹುಡುಗಿ, ಚೊಚ್ಚಲು.

ಒಂದು ದಿನ ಮ್ಯಾನೇಜರ್ ನನ್ನ ಪಕ್ಕದಲ್ಲೇ ಇದ್ದಾಗ ಯಜಮಾನಿ ಕೇಳಿದರು, ‘ಯವ್ವಾ, ಈ ನೀರು ನಮಗೂ ಬರತೈತೇನ?’

ನಾನು ಬಾಯಿ ತೆರೆಯುವ ಮೊದಲೇ ಮ್ಯಾನೇಜರ್ ಉತ್ತರಿಸಿದರು. ‘ಇದು ಕಾರ್ಖಾನೆಗೆ ಹೋಗೋ ಲೈನಮ್ಮಾ. ಕ್ಲೀನ್ ನೀರು.’

‘ನೋಡ್ರಿ ಮತ್ತ! ಕಲ್ಲಿಗೆ ದಿನಾ ನೀರು, ನಮಗ ವಾರಕ್ಕೊಮ್ಮಿ. ನಾವೂ ಕಲ್ಲಾಗೇ ಹುಟ್ಟಬೇಕಿತ್ತ ಬಿಡ್ರಿ.’

ಬಾಗಿಲಲ್ಲಿದ್ದ ಸೊಸೆ ಕಿಸಕ್ಕನೆ ನಕ್ಕಳು. ‘ನೀವೇನ್ ಕಲ್ಲಿಗಿಂತ ಕಡಿಮಿ ಅದೀರೇನ್ರಿ ಅತ್ತೀ?’

‘ನೋಡ ಯವ್ವಾ ಇಕಿ ಮಾತು! ಹುಟ್ಟೂದಕ್ಕೂ ಇದ ನಾಲಿಗಿ ಬರತೈತಿ ತಗೋ.’

ಎಲ್ಲರೂ ನಕ್ಕರು. ಮ್ಯಾನೇಜರ್ ಕೂಡ ನಕ್ಕರು. ಕಾರು ಹತ್ತಿದ ಮೇಲೆ ನನ್ನತ್ತ ತಿರುಗಿ ಹೇಳಿದರು: ‘ಕ್ಲೀನ್ ಅಂದೆ. ಕುಡೀರಿ ಅಂದ್ನಾ?’

ಆ ‘ಕ್ಲೀನ್ ನೀರು’ ಎನ್ನುವ ಮಾತನ್ನು ಎದುರು ಮನೆಯ ಪ್ಲಂಬರ್ ಕೂಡ ಕೇಳಿಸಿಕೊಂಡಿದ್ದ. ತಲೆಮಾರುಗಳಿಂದ ಆ ಓಣಿಯಲ್ಲೇ ಇರುವ ಮುಸ್ಲಿಂ ಮನೆತನದವನು. ಅಜ್ಜನ ಕಾಲದಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದರಂತೆ. ಇವನು ಒಂದು ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಪೈಪು, ನಟ್ಟು ಬಿಗಿಯುವ ಪಾನಾ ತುಂಬಿಕೊಂಡು ತಿರುಗುತ್ತಿದ್ದ. ನಮ್ಮ ಕಡೆ ಒಂದು ರೂಢಿ ಇದೆ, ಎಲ್ಲ ಊರಲ್ಲೂ ಇದೆ, ಅದರಲ್ಲಿ ಯಾರಿಗೂ ತಪ್ಪು ಕಾಣುವುದಿಲ್ಲ. ಮನೆ ಮುಂದೆ ನೀಲಿ ಗೆರೆಯ ಪೈಪು ಬಿದ್ದರೆ ತಗ್ಗು ಮುಚ್ಚುವುದರೊಳಗೆ ಅದಕ್ಕೆ ಜೋಡಿ ಮಾಡಿಕೊಂಡುಬಿಡಬೇಕು. ಆಮೇಲೆ ಅರ್ಜಿ ಹಾಕಿ, ರಸ್ತೆ ಕಡಿಸಿ, ಮತ್ತೆ ಮುಚ್ಚಿಸುವುದು ಯಾರಿಂದಲೂ ಆಗದ ಮಾತು. ಕನೆಕ್ಷನ್ ಮೊದಲು, ಕಾಗದ ಆಮೇಲೆ. ನಗರದ ಎಷ್ಟೋ ಮನೆಗಳಿಗೆ ನೀರು ಬಂದದ್ದೇ ಹೀಗೆ. ಇಲಾಖೆಗೂ ಗೊತ್ತು, ಗುತ್ತಿಗೆದಾರರಿಗೂ ಗೊತ್ತು. ನಮ್ಮ ಕಂಪನಿಗೆ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಕೂಲಿಯವರು ರಜೆಯಲ್ಲಿದ್ದ ದಿನ ಪ್ಲಂಬರ್ ತಗ್ಗಿಗಿಳಿದ. ಪೈಪಿಗೆ ಪಟ್ಟಿ ಕಟ್ಟಿ, ತೂತು ಕೊರೆದು, ಮೂಲೆಮನೆಯ ಅಂಗಳಕ್ಕೆ ಒಂದು ಪೈಪು ಎಳೆದು ಎರಡು ನಳ ಕೂರಿಸಿದ. ತನ್ನ ಮನೆಗೆ ಎಳೆದುಕೊಳ್ಳಲಿಲ್ಲ. ಇಡೀ ಓಣಿ ಬಂದು ತುಂಬಿಕೊಳ್ಳಲಿ ಎಂದು ಮೂಲೆಮನೆಗೆ ಎಳೆದ. ಇದನ್ನೇ ಜನ ಕಳ್ಳತನ ಎನ್ನುವುದು.

ತಗ್ಗು ಮುಚ್ಚಿದಾಗ ನಾನು ಅಲ್ಲಿರಲಿಲ್ಲ. ಘಟಕದಲ್ಲಿ ಇನ್ನೊಂದು ಗೋಳು ಶುರುವಾಗಿತ್ತು. ಅದನ್ನು ಹೇಳುವ ಮೊದಲು ಲೈನಿನ ಒತ್ತಡದ ಪರೀಕ್ಷೆಯ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಎಲ್ಲವನ್ನೂ ಅಲ್ಲೇ ನಿಲ್ಲಿಸಬಹುದಿತ್ತು.

ಪೈಪಿನಲ್ಲಿ ಟ್ಯಾಂಕರಿನ ಬೋರ್ ನೀರು ತುಂಬಿಸಿ, ಎರಡೂ ತುದಿ ಮುಚ್ಚಿ, ಒತ್ತಡ ಏರಿಸಿ, ಮಾಪಕದ ಮುಳ್ಳು ನಿಂತಲ್ಲೇ ನಿಲ್ಲುತ್ತದೆಯೇ ಎಂದು ನೋಡಬೇಕು. ಮುಳ್ಳು ನಿಲ್ಲಲಿಲ್ಲ. ಇಳಿದದ್ದಕ್ಕಿಂತ ಅದು ಇಳಿದ ರೀತಿ ನನ್ನನ್ನು ಕಾಡಿತು. ಸೋರುವ ಪೈಪು ಒಂದೇ ಸಮನೆ ಇಳಿಯುತ್ತದೆ. ಇದು ಸರ್ರನೆ ಇಳಿದು ನಿಲ್ಲುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಸರ್ರನೆ ಇಳಿಯುತ್ತಿತ್ತು. ಲೈನಿನುದ್ದಕ್ಕೂ ಜನ ಕಳಿಸಿದೆ. ಎಲ್ಲಿಯೂ ಒದ್ದೆ ಮಣ್ಣಿಲ್ಲ.

‘ಸರ್, ಯಾರೋ ನಳ ತೆಗೆದು ಮುಚ್ಚಿದಂಗ ಐತ್ರಿ ಇದು. ಲೈನ್ ಪಾಸ್ ಮಾಡಬ್ಯಾಡ್ರಿ. ಮಣ್ಣು ತೆಗೆಸಿ ನೋಡೂಣು.’

‘ಒದ್ದೆ ಎಲ್ಲಿದೆ ತೋರಿಸಿ. ಇಲ್ವಲ್ಲ? ಹಾಗಾದ್ರೆ ಗೇಜ್ ಕೆಟ್ಟಿದೆ.’

ಮಾಪಕ ಬದಲಿಸಿ ಮರುದಿನ ಬೆಳಕು ಹರಿಯುವ ಮೊದಲು, ಊರು ಏಳುವ ಮುಂಚೆ, ಮತ್ತೆ ನೋಡಿದರು. ಮುಳ್ಳು ಕದಲಲಿಲ್ಲ. ಲೈನು ಪಾಸಾಯಿತು. ಆ ಹೊತ್ತಿಗೆ ಯಾರೂ ನೀರು ಹಿಡಿಯುವುದಿಲ್ಲ ಎನ್ನುವುದು ಮ್ಯಾನೇಜರಿಗೆ ಹೊಳೆಯಲಿಲ್ಲವೋ, ಹೊಳೆದೇ ಆ ಹೊತ್ತನ್ನು ಆರಿಸಿದರೋ, ನನಗೆ ತಿಳಿಯದು. ಓಣಿಯವರು ಮಾತ್ರ ಆ ಹಿಂದಿನ ದಿನ ತುಂಬಿಕೊಂಡ ನೀರನ್ನು ಕುಡಿದರು, ಏನೂ ಆಗಲಿಲ್ಲ. ಅದು ಬೋರ್ ನೀರಾಗಿತ್ತು. ಅವರ ನಂಬಿಕೆ ಗಟ್ಟಿಯಾಯಿತು.

ಘಟಕದ ಗೋಳು ಇದು. ಕೊಳೆ ನೀರು ಹಲವು ಹಂತ ದಾಟಿ, ಕಸರು ತಳಕ್ಕಿಳಿದು, ಕೊನೆಗೆ ಮೆಂಬ್ರೇನ್ ಎನ್ನುವ ಬಹಳ ಸೂಕ್ಷ್ಮ ಜರಡಿಯ ಮೂಲಕ ಹಾಯಬೇಕು. ರೋಗಾಣುಗಳು ಅಲ್ಲಿ ಸಿಕ್ಕಿಬೀಳುತ್ತವೆ. ಅದರಾಚೆ ಕ್ಲೋರಿನ್ ಬೀಳುತ್ತದೆ. ಇಳಕಲ್ಲಿನ ಚರಂಡಿಯಲ್ಲಿ ಹರಿಯುವುದು ಬರೀ ಬಚ್ಚಲ ನೀರಲ್ಲ. ನೂಲಿಗೆ ಹಾಕುವ ಗಂಜಿ, ಬಣ್ಣದ ತೊಳೆ ನೀರು ಎಲ್ಲ ಸೇರಿರುತ್ತದೆ. ಆ ಗಂಜಿ ಮೆಂಬ್ರೇನಿಗೆ ಅಂಟಿ ಕೂತು ದಾರಿ ಮುಚ್ಚಿತು. ರಾಸಾಯನಿಕದಲ್ಲಿ ನೆನೆಹಾಕಿ ತೊಳೆಯಬೇಕು, ಅದಕ್ಕೆ ಸಮಯ ಬೇಕು. ಉದ್ಘಾಟನೆಗೆ ಉಳಿದಿದ್ದದ್ದು ಒಂದೇ ದಿನ. ಗ್ರಾನೈಟ್ ಕಾರ್ಖಾನೆಯ ಮುಂದೆ ಕಾರಂಜಿ ಕಟ್ಟಿಸಿದ್ದರು. ಗಣ್ಯರು ವಾಲ್ವಿನ ಚಕ್ರ ತಿರುಗಿಸಿದ ಕೂಡಲೇ ನೀರು ಚಿಮ್ಮಬೇಕು.

ಮುಂಜಾನೆ ನಾನು ಘಟಕಕ್ಕೆ ಹೋದಾಗ ಬೈಪಾಸ್ ವಾಲ್ವ್ ತೆರೆದಿತ್ತು. ಕೊಳೆ ತಳಕ್ಕಿಳಿದ ನೀರು ಮೆಂಬ್ರೇನನ್ನೂ ಕ್ಲೋರಿನ್ನನ್ನೂ ಮುಟ್ಟದೆ ನೇರ ಪಂಪಿಗೆ ಹೋಗಿ ಲೈನನ್ನು ತುಂಬುತ್ತಿತ್ತು. ಗಾಜಿನ ಬಾಟಲಿಯಲ್ಲಿ ಹಿಡಿದು ನೋಡಿದೆ. ತಿಳಿಯಾಗಿತ್ತು. ವಾಸನೆಯೂ ಇರಲಿಲ್ಲ ಎನ್ನಬೇಕು. ಅದೇ ಭಯಂಕರ. ಕೊಳೆತ ನೀರನ್ನು ಮೂಗೇ ದೂರ ತಳ್ಳುತ್ತದೆ. ಇದನ್ನು ಯಾರು ಬೇಕಾದರೂ ಗಟಗಟ ಕುಡಿದುಬಿಡಬಹುದಿತ್ತು.

‘ಸರ್, ಇದರಾಗ ಎಲ್ಲಾ ಜೀವಂತ ಐತ್ರಿ. ಕಾಲರಾ ಇದ್ರ ಕಾಲರಾ, ಕಾಮಾಲೆ ಇದ್ರ ಕಾಮಾಲೆ.’

‘ಹೋಗ್ತಿರೋದು ಕಲ್ಲು ಕೊಯ್ಯೋಕೆ. ಕಲ್ಲಿಗೆ ಭೇದಿ ಆಗುತ್ತಾ ಮೇಡಂ?’

ಸುತ್ತ ನಿಂತವರು ನಕ್ಕರು.

ನನಗೆ ಫೋನು ಬಂದದ್ದು ಊಟದ ಹೊತ್ತಿಗೆ. ಮೂಲೆಮನೆಯ ಯಜಮಾನಿ. ಹಿಂದೆ ಹೆಂಗಸರ ಸೀಮಂತದ ಹಾಡು, ಪಾತ್ರೆಗಳ ಸದ್ದು.

‘ಯವ್ವಾ, ಎಲ್ಲಿದ್ದೀ? ಇವತ್ತ ಸೊಸಿ ಕುಬ್ಸಾ. ಊಟಕ್ಕ ಬಾ ಅಂತ ಹೇಳಿದ್ನೆಲ್ಲ. ಭಾಳ ಚಿಂತಿ ಆಗಿತ್ತ ನೋಡು, ಬ್ಯಾರಲ್ ತಳಾ ಕಂಡಿತ್ತು, ಬೀಗರು ಬರಾವ್ರು. ನಿಮ್ಮ ನೀರು ಬಂತು! ಇಡೀ ಓಣಿ ತುಂಬಕೊಂಡೈತಿ. ನಿನ್ನ ಹೊಟ್ಟಿ ತಣ್ಣಗಿರ್ಲಿ ನಮ್ಮವ್ವಾ.’

‘ಯಾವ ನೀರ್ರೀ?’

‘ಅದ, ನೀಲಿ ಗೆರಿ ಪೈಪಿಂದು.’

ಮಾಪಕದ ಮುಳ್ಳು ಸರ್ರನೆ ಇಳಿದು ನಿಂತದ್ದು ಕಣ್ಣಿಗೆ ಕಟ್ಟಿತು. ‘ಕುಡೀಬ್ಯಾಡ್ರಿ, ಯಾರಿಗೂ ಕೊಡಬ್ಯಾಡ್ರಿ’ ಎಂದು ಕೂಗಿದೆ. ಅತ್ತ ಹಾಡಿನ ಗದ್ದಲ. ‘ಏನ್ ಅಂತಿ? ಕೇಳವಲ್ದು. ಲಗೂ ಬಾ, ಪಾನಕ ಮಾಡೇವಿ,’ ಎಂದರು. ಫೋನು ಕಟ್ಟಾಯಿತು. ಮತ್ತೆ ಮಾಡಿದೆ, ಮತ್ತೆ ಮಾಡಿದೆ, ಎತ್ತಲಿಲ್ಲ.

ಪಂಪ್ ಮನೆಗೆ ಓಡಿ ಕೆಂಪು ಗುಂಡಿ ಒತ್ತಿದೆ. ಪಂಪು ನಿಂತಿತು. ಆಪರೇಟರ್ ನನ್ನನ್ನು ಹುಚ್ಚಿಯ ಹಾಗೆ ನೋಡಿದ. ಸ್ಕೂಟರ್ ಹತ್ತುವಾಗಲೇ ಮ್ಯಾನೇಜರ್ ಫೋನು ಬಂತು. ವಿಷಯ ಹೇಳಿದೆ. ಅವರಿಗೂ ಜೀವ ಝಲ್ಲೆನ್ನುತ್ತದೆ ಎಂದುಕೊಂಡಿದ್ದೆ. ಬಂದದ್ದು ಅದೇ ತಣ್ಣನೆಯ ಧ್ವನಿ: ‘ಸರಿ. ಹೋಗಿ ಆ ನಲ್ಲಿ ಮುಚ್ಚಿಸಿ. ರಿಪೇರಿ ಇದೆ ಅನ್ನಿ. ಅಷ್ಟೇ. ಆ ಪದ ಬಾಯಿಂದ ಬರಬಾರದು. ನಾಳೆ ಕಾರ್ಯಕ್ರಮ ಇದೆ ಮೇಡಂ, ಜನ ಗಾಬರಿಯಾದ್ರೆ ಯಾರಿಗೂ ಒಳ್ಳೇದಲ್ಲ.’

‘ಸರ್, ನಳ ಮುಚ್ಚಿದ್ರ ಏನಾತ್ರಿ? ನೀರು ಆಗಲೇ ಮನಿ ಮನ್ಯಾಗ ಕೊಡದಾಗ ಕುಂತೈತಿ.’

‘ಹೇಳಿದಷ್ಟು ಮಾಡಿ.’

ದಾರಿಯುದ್ದಕ್ಕೂ ಆ ಮಾತು ತಲೆಯಲ್ಲಿತ್ತು. ಒಂದೊಂದೇ ಮನೆ ಬಡಿದು ಹೇಳುತ್ತ ಹೋಗುವಷ್ಟು ಹೊತ್ತಿರಲಿಲ್ಲ. ಓಣಿಯ ತಿರುವಿನಲ್ಲಿ ಕಸದ ಗಾಡಿ ನಿಂತಿತ್ತು. ಮೇಲೆ ಕೊಂಬಿನ ಮೈಕು ಕಟ್ಟಿದ, ಬೆಳಿಗ್ಗೆ ಹಾಡು ಹಾಕುತ್ತ ಬರುವ ಗಾಡಿ. ಡ್ರೈವರ್ ಸೀಟಿನಲ್ಲೇ ಬುತ್ತಿ ಬಿಚ್ಚಿದ್ದ.

‘ಅಣ್ಣಾ, ಗಾಡಿ ಓಣ್ಯಾಗ ತಗೋ. ಮೈಕ್ ಹಚ್ಚು.’

‘ಮೇಡಮರ, ಈಗ ಕಸದ ಹೊತ್ತಲ್ರಿ. ಬೈತಾರ ಜನಾ.’

‘ಬೈಲಿ.’

ಅವನು ರೊಟ್ಟಿ ಬಾಯಲ್ಲಿಟ್ಟುಕೊಂಡೇ ಗಾಡಿ ತಿರುಗಿಸಿದ. ಹಾಡು ಹಚ್ಚಿದ. ನಾನು ಬಾಯಿ ಬಿಡುವ ಮೊದಲೇ ಓಣಿಯ ಬಾಗಿಲುಗಳು ತೆರೆದವು. ಆ ಹಾಡಿಗೆ ಕಾಲುಗಳು ತಾವಾಗಿ ಹೊರಗೆ ಬರುತ್ತವೆ. ಕೈಯಲ್ಲಿ ಕಸದ ಬುಟ್ಟಿ ಹಿಡಿದೇ ಬಂದರು, ಬೈಯುತ್ತಲೇ ಬಂದರು.

‘ಏನಲೇ, ಉಣ್ಣೂ ಹೊತ್ತಿನ್ಯಾಗ ಕಸಾ ಬೇಡಾಕ ಬಂದೀ?’

‘ಮುಂಜಾನಿ ಕೂಗಿದ್ರ ನಿಲ್ಲೂದಿಲ್ಲ, ಈಗ ನಿಂತಾನ ನೋಡು ಅಳಿಯಾ ಬಂದಂಗ!’

ಮೈಕು ನನ್ನ ಕೈಗೆ ಬಂತು. ಅಷ್ಟು ದಿನ ಆ ಸೈಟಿನಲ್ಲಿ ಯಾರೂ ಆಡದ ಶಬ್ದವನ್ನು ಆಡಿದೆ. ‘ಮೂಲಿಮನಿ ನಳದಾಗ ಬಂದಿದ್ದು ಗಟಾರದ ನೀರು. ಊರಿನ ಗಟಾರದ ನೀರು. ಸೋಸಿಲ್ಲ, ಔಷಧ ಹಾಕಿಲ್ಲ. ಕುಡೀಬ್ಯಾಡ್ರಿ. ಅಡಗಿ ಮಾಡಬ್ಯಾಡ್ರಿ. ತುಂಬಿದ್ದೆಲ್ಲಾ ಈಗಿಂದೀಗ ಚೆಲ್ರಿ.’

ಓಣಿ ನಕ್ಕಿತು.

‘ಇಷ್ಟ ತಿಳಿ ಗಟಾರ ಎಲ್ಲೈತಿ ತೋರಸವ್ವಾ, ನಾವೂ ಅಲ್ಲೇ ಮನಿ ಮಾಡ್ತೇವಿ!’

ನಗುವಿನ ಹಿಂದೆಯೇ ಸಿಟ್ಟು ಬಂತು. ಒಬ್ಬರೆಂದರು: ‘ನಾವು ನೀರು ತಗೊಂಡಿದ್ದು ಗೊತ್ತಾಗೇತಿ ಇವರಿಗೆ. ಹೆದರಿಸಿ ಬಿಡಸಾಕ ಬಂದಾರ.’ ಅವರ ಮಾತಿನಲ್ಲಿ ತಪ್ಪೇನಿತ್ತು? ವಾರಕ್ಕೊಮ್ಮೆ ನೀರು ಕಂಡವರಿಗೆ, ಬಂದ ನೀರನ್ನು ಚೆಲ್ಲಿ ಎಂದು ಮೈಕಿನಲ್ಲಿ ಹೇಳಿದರೆ ಯಾರು ನಂಬುತ್ತಾರೆ?

ಪ್ಲಂಬರ್ ಜನರನ್ನು ಸರಿಸಿಕೊಂಡು ಮುಂದೆ ಬಂದ. ‘ಮೇಡಮರ, ಖರೆ ಹೇಳ್ರಿ. ನೀಲಿ ಗೆರಿ ಪೈಪು ನೀವ ಹಾಕೀರಿ. ಕ್ಲೀನ್ ನೀರು ಅಂತ ನಿಮ್ಮ ಸಾಹೇಬ್ರ ಅಂದಾರ. ನಾ ಕಿವ್ಯಾರೆ ಕೇಳೇನಿ. ಯಾವದು ಖರೆ?’

‘ಈಗ ಹೇಳಿದ್ದು ಖರೆ.’

‘ಹಂಗಂದ್ರ?’

ಅಷ್ಟರೊಳಗೆ ಮೂಲೆಮನೆಯ ಯಜಮಾನಿ ಹೊರಗೆ ಬಂದಿದ್ದರು. ಹೊಸ ಸೀರೆ, ತಲೆ ತುಂಬ ಹೂವು. ಕೈಯಲ್ಲಿ ತಂಬಿಗೆ, ಅದರ ತುಂಬ ಆ ನೀರು. ಸಿಟ್ಟಿರಲಿಲ್ಲ ಅವರಿಗೆ, ತಮಾಷೆಗೆ ಎನ್ನುವಂತೆ ತಂಬಿಗೆಯನ್ನು ನನ್ನ ಬಾಯಿಯವರೆಗೆ ಹಿಡಿದರು. ‘ಬಿಸಲಾಗ ತಲಿ ತಿರುಗೇತಿ ನಿನಗ. ತಗೋ, ಒಂದ ಗುಟುಕ ಕುಡಿ ಯವ್ವಾ.’

ತಂಬಿಗೆಯ ಅಂಚು ತುಟಿಗೆ ತಾಗಿತು. ತಣ್ಣಗಿತ್ತು. ನಾನು ಹಿಂದಕ್ಕೆ ಹಾರಿದೆ. ಕೈ ತಾನಾಗಿ ಬೀಸಿ ತಂಬಿಗೆ ಕೆಳಗೆ ಬಿತ್ತು, ನೀರು ಅವರ ಹೊಸ ಸೀರೆಯ ನೆರಿಗೆಯ ಮೇಲೆ ಚೆಲ್ಲಿತು. ಸೆರಗಿನಿಂದ ತುಟಿ ಒರೆಸಿದೆ, ಮತ್ತೆ ಒರೆಸಿದೆ. ಉಗುಳಿದೆ.

ಯಜಮಾನಿ ನನ್ನ ಮುಖವನ್ನೇ ನೋಡುತ್ತಿದ್ದರು. ಮೈಕು ಹೇಳಲಾಗದ್ದನ್ನು ಆ ಮುಖ ಹೇಳಿರಬೇಕು. ಅವರು ತಿರುಗಿ ಮನೆಯೊಳಗೆ ಓಡಿದರು. ‘ಪಾನಕ ಕುಡೀಬ್ಯಾಡ್ರೇ! ಕೆಳಗ ಇಡ್ರೇ!’

ಒಳಗೆ ಸೊಸೆ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ಮಡಿಲ ತುಂಬ ಹಣ್ಣು, ಮುಂದೆ ತವರಿನಿಂದ ಬಂದ ಕರದಂಟಿನ ಡಬ್ಬಿ. ಕೈಯಲ್ಲಿ ಲೋಟ. ಕುಬ್ಸದಲ್ಲಿ ಯಾವುದನ್ನೂ ಬಸುರಿ ಮುಟ್ಟದೆ ಉಳಿದವರು ಮುಟ್ಟುವುದಿಲ್ಲ. ಲೋಟ ಖಾಲಿಯಾಗಿತ್ತು.

ಅವಳು ನನ್ನನ್ನು ನೋಡಿ ಕೇಳಿದಳು, ‘ನಾ ಕುಡದೇನ್ರಿ. ಏನಾಗತೈತ್ರಿ?’

ಆ ಪ್ರಶ್ನೆ ನನಗೆ ಈಗಲೂ ನಿದ್ದೆಯಲ್ಲಿ ಕೇಳಿಸುತ್ತದೆ. ಹಿಂದೆ ಓಣಿಯಲ್ಲಿ ಕೊಡಗಳನ್ನು ಮಗುಚುವ ಸದ್ದು ಕೇಳುತ್ತಿತ್ತು. ಪ್ಲಂಬರ್ ಪಾನಾ ತಂದು ತನ್ನ ಕೈಯಿಂದಲೇ ಎರಡೂ ನಳ ಕಿತ್ತು, ಪೈಪಿನ ಬಾಯಿಗೆ ಕಟ್ಟಿಗೆಯ ಬೆಣೆ ಬಡಿದ.

ಮರುದಿನ ಬೆಳಿಗ್ಗೆ ಓಣಿಯಲ್ಲಿ ವಾಂತಿ ಭೇದಿ ಶುರುವಾಯಿತು. ಅದೇ ಹೊತ್ತಿಗೆ ಕಾರಂಜಿಯೂ ಚಿಮ್ಮಿತು. ಪಂಪು ಚಾಲು ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ಕಾರಂಜಿಯ ಹಿಂದೆ ಟ್ಯಾಂಕರ್ ನಿಲ್ಲಿಸಿ ಅದರ ನೀರನ್ನೇ ಚಿಮ್ಮಿಸಿದರು. ಗಣ್ಯರು ಚಕ್ರ ತಿರುಗಿಸಿದರು. ಚಪ್ಪಾಳೆ ಬಿತ್ತು. ಅಂಬ್ಯುಲೆನ್ಸುಗಳು ಗಣ್ಯರ ರಕ್ಷಣೆಗೆಂದು ಪೆಂಡಾಲಿನ ಪಕ್ಕ ನಿಂತಿದ್ದವು. ಓಣಿಗೆ ಒಂದೂ ಬರಲಿಲ್ಲ.

ಊರಿನ ದವಾಖಾನೆಯಲ್ಲಿ ಸೊಸೆಗೆ ಸಲೈನ್ ಹಚ್ಚಿದ ಡಾಕ್ಟರು, ಕೂಸಿನ ಎದೆಬಡಿತ ನಿಧಾನವಾಗಿದೆ, ತಡಮಾಡದೆ ಬಾಗಲಕೋಟೆಗೆ ಒಯ್ಯಿರಿ ಎಂದರು. ಪ್ಲಂಬರ್ ತನ್ನ ಟಂಟಂನಿಂದ ಪೈಪುಗಳನ್ನು ರಸ್ತೆಗೆ ಸುರಿದು, ಹಾಸಿಗೆ ಹಾಸಿದ. ಅವಳ ತಲೆ ಅತ್ತೆಯ ತೊಡೆಯ ಮೇಲಿತ್ತು. ಸಲೈನ್ ಬಾಟಲಿ ಎತ್ತಿ ಹಿಡಿಯುವ ಕೆಲಸ ನನ್ನದು. ಗಾಡಿ ಜಿಗಿದಾಗಲೆಲ್ಲ ಸೂಜಿ ಕಿತ್ತೀತೆಂದು ಇನ್ನೊಂದು ಕೈಯಿಂದ ಅವಳ ಮಣಿಕಟ್ಟು ಹಿಡಿದಿದ್ದೆ. ಹುನಗುಂದ ದಾಟಿತು. ಅಮೀನಗಡದಲ್ಲಿ ಅವಳು ಕಣ್ಣು ತೆರೆದು, ‘ನಮ್ಮೂರು ಬಂತೇನ್ರಿ ಅತ್ತೀ?’ ಎಂದಳು. ‘ಬಂತವ್ವಾ,’ ಎಂದರು ಅತ್ತೆ. ರಸ್ತೆಯ ಎರಡೂ ಬದಿಗೆ ಕರದಂಟಿನ ಅಂಗಡಿಗಳು, ಬಸ್ಸಿಗೆ ಕಾದ ಜನ. ಪ್ಲಂಬರ್ ಹಾರ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ‘ನೀಲಿ ಇತ್ರಿ ಮೇಡಮರ,’ ಎಂದು ಮುಂದಿನಿಂದಲೇ ಒಂದು ಸಲ ಕೂಗಿದ. ‘ನನ್ನ ಕಣ್ಣಿಗೆ ನೀಲೀನ ಕಾಣಸ್ತು.’

‘ನೀಲೀನ ಇತ್ತಣ್ಣಾ,’ ಎಂದೆ.

ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಹೆಣ್ಣು. ಅಂಗೈಯಲ್ಲಿ ಹಿಡಿಯುವಷ್ಟು. ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ತಾಯಿ ಉಳಿದಳು, ಮಗು ಉಳಿಯಿತು. ಉಳಿಯದೇ ಹೋಗಬಹುದಿತ್ತು ಎನ್ನುವುದನ್ನು ನಾನು ಯಾರಿಗೆ ಹೇಗೆ ತಿಳಿಸಲಿ? ಉಳಿದ ಕೂಡಲೇ ಎಲ್ಲರಿಗೂ ಅದು ಮುಗಿದ ಮಾತಾಯಿತು.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗಲೇ ಮ್ಯಾನೇಜರ್ ಬಂದರು. ಸೇಬು ಹಣ್ಣಿನ ಚೀಲ ತಂದಿದ್ದರು. ‘ವರದಿ ಸಿಂಪಲ್ ಆಗಿರಲಿ ಮೇಡಂ. ಅನಧಿಕೃತ ಸಂಪರ್ಕ. ಪ್ಲಂಬರ್ ಪೈಪ್ ಕೊರೆದ, ನೀವು ಪತ್ತೆ ಹಚ್ಚಿದಿರಿ, ತಕ್ಷಣ ಪಂಪ್ ನಿಲ್ಲಿಸಿದಿರಿ. ನಿಮಗೂ ಒಳ್ಳೆ ಹೆಸರು.’

‘ನೀಲಿ ಪೈಪು?’

‘ಅದ್ಯಾಕೆ ಈಗ?’

‘ಬೈಪಾಸು?’

ಅವರು ನಿಟ್ಟುಸಿರು ಬಿಟ್ಟರು. ‘ನೀವು ಚಿಕ್ಕವರು. ಯೋಚನೆ ಮಾಡಿ.’

ಯೋಚನೆ ಮಾಡುವಂಥದ್ದು ಏನೂ ಇರಲಿಲ್ಲ. ಬಂಡೆಯಿಂದ ಹಿಡಿದು ಬೈಪಾಸಿನವರೆಗೆ ಆದದ್ದನ್ನೆಲ್ಲ ಆದಂತೆಯೇ ಬರೆದು ಕೊಟ್ಟೆ. ಅದು ಯಾವ ಕಪಾಟಿಗೆ ಹೋಯಿತೋ ಗೊತ್ತಿಲ್ಲ. ಪ್ಲಂಬರ್ ಮೇಲೆ ದೂರು ದಾಖಲಾಯಿತು; ನನ್ನ ಹೇಳಿಕೆ ಕೊಡಲು ನಾನಾಗಿಯೇ ಠಾಣೆಗೆ ಹೋದೆ, ಕರೆಸಿದಾಗ ಬನ್ನಿ ಎಂದರು, ಇನ್ನೂ ಕರೆಸಿಲ್ಲ. ಮ್ಯಾನೇಜರಿಗೆ ಬೇರೆ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸ ಸಿಕ್ಕಿತು. ನನ್ನನ್ನು ಕುಳಗೇರಿ ಕ್ರಾಸಿನ ಗೋದಾಮಿಗೆ ಹಾಕಿದರು. ನಾನಲ್ಲಿಗೆ ಹೋದ ತಿಂಗಳೇ ನೇರಳೆ ಗೆರೆಯ ಪೈಪು ಬಂದಿಳಿಯಿತು. ಒಂದೂ ಗೀರಿಲ್ಲದ ಹೊಚ್ಚ ಹೊಸ ಪೈಪು. ಲಾರಿಯಿಂದ ಇಳಿಸಿಕೊಂಡು ಸಹಿ ಮಾಡಿದ್ದು ನಾನೇ.

ನೀಲಿ ಪೈಪನ್ನು ಕಿತ್ತು ಅದನ್ನು ಹಾಕುವಾಗ ನಾನು ರಜೆ ಹಾಕಿ ಇಳಕಲ್ಲಿಗೆ ಹೋದೆ. ಸ್ಟೋರಿನ ಬೋರ್ಡುಗಳನ್ನು ಕೊನೆಗೂ ನೆಡುತ್ತಿದ್ದರು. ‘ಮರುಬಳಕೆಯ ನೀರು’ ಎಂದು ಬರೆದ ಕೆಳಗೆ ಪ್ಲಂಬರ್ ತಾನೇ ಬಣ್ಣ ತಂದು ದಪ್ಪಗೆ ಬರೆದಿದ್ದ: ಗಟಾರದ ನೀರು. ಯಾರೂ ಅಳಿಸಿರಲಿಲ್ಲ.

ಮೂಲೆಮನೆಯ ಯಜಮಾನಿ ಒಳಗೆ ಕರೆದರು. ಮಗ್ಗ ನಡೆದಿತ್ತು. ತೊಟ್ಟಿಲಲ್ಲಿ ಕೂಸು ಮಲಗಿತ್ತು, ಹಳೆಯ ಸೀರೆಯ ಕೆಂಪು ಸೆರಗು ಹೊದಿಸಿದ್ದರು. ಸೊಸೆ ಬಾಗಿಲಿಗೆ ಒರಗಿ ನಿಂತಿದ್ದಳು. ಮೊದಲಿನ ಹಾಗೆ ಮಾತಿಲ್ಲ, ನಗುವಿಲ್ಲ. ಯಜಮಾನಿ ಚಹಾ ತಂದು ನನ್ನ ಮುಂದಿಟ್ಟರು. ನನಗೆ ತುಟಿಯ ಮೇಲೆ ತಂಬಿಗೆಯ ಅಂಚಿನ ತಂಪು ಮತ್ತೆ ತಾಗಿದಂತಾಯಿತು. ಕೈ ಮುಂದೆ ಹೋಗಲಿಲ್ಲ. ಅವರು ಅದನ್ನು ಗಮನಿಸಿದರು.

‘ಕುಡೀರಿ ಮೇಡಮರ,’ ಎಂದರು. ‘ಕ್ಯಾನಿನ ನೀರಿಂದ ಮಾಡಿದ್ದದು. ನಿಮ್ಮ ಪೈಪಿಂದಲ್ಲ.’